ಬಾಲಕರ ನಡುವೆ ಒಂದು ಗುರುಮಠ: ಸಂತ ಜಾನ್ ಬೋಸ್ಕೊರವರ ಜೀವನ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಸಂತರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಪ್ರತಿ ಭಾನುವಾರ ಬೆಳಗಿನ ಪೂಜೆಯಾದ ಮೇಲೆ ದೇವಾಲಯದ ಹಿಂಬದಿಯ ಕೊಠಡಿಗಳಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವ ನಮ್ಮ ಯುವಕ ಯುವತಿಯರು ನನ್ನ ಕಣ್ಣ ಮುಂದೆ ಬಂದರು. ವಾರವೆಲ್ಲ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲೋ ಯಾವುದೋ ಕಛೇರಿಯಲ್ಲೋ ದುಡಿದು, ಸಿಕ್ಕ ಒಂದು ರಜಾದಿನವನ್ನು ಅವರು ಮಕ್ಕಳಿಗೆ ಕೊಡುತ್ತಾರೆ. ಮಕ್ಕಳಿಗೆ ಇವರು ಕಲಿಸುವರು ಸರಿ, ಇವರಿಗೆ ಕಲಿಸುವವರು ಯಾರು? ಈ ಪ್ರಶ್ನೆಯನ್ನು ಬದುಕಿನ ಉದ್ದಕ್ಕೂ ಹೊತ್ತು ನಡೆದ ಒಬ್ಬ ಯಾಜಕರ ಕಥೆಯನ್ನೇ ಬರೆಯೋಣವೆಂದು ನಿಶ್ಚಯಿಸಿದೆನು. ಬಾಲಕರಿಂದ ಸುತ್ತುವರಿದು ಮುಗುಳ್ನಗುವ ಡಾನ್ ಬೋಸ್ಕೊರವರ ಚಿತ್ರಪಟ ನಮ್ಮ ಅನೇಕ ಮನೆಗಳ ಗೋಡೆಯ ಮೇಲಿದೆ. ಆದರೆ ಬಾಲಕರ ಸೇವೆಗೆ ಜನರನ್ನು ಸಿದ್ಧಪಡಿಸುವುದು ಹೇಗೆಂಬ ವಿಷಯದಲ್ಲಿ ಅವರು ತಮ್ಮ ಮಹಾಧರ್ಮಾಧ್ಯಕ್ಷರೊಡನೆಯೇ ಹತ್ತು ವರ್ಷ ತಿಕ್ಕಾಟ ಅನುಭವಿಸಿದರೆಂಬುದು ಎಲ್ಲರಿಗೂ ತಿಳಿದಿಲ್ಲ.

ಉತ್ತರ ಇಟಲಿಯ ಪೀಡ್ಮಂಟ್ ಪ್ರಾಂತದ ಕಾಸ್ತೆಲ್‌ನುವೊವೊ ಎಂಬ ಊರಿಗೆ ಸೇರಿದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ, 1815ರ ಆಗಸ್ಟ್ 16ರಂದು ಜಾನ್ ಬೋಸ್ಕೊ ಜನಿಸಿದನು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1817ರ ಮೇ ತಿಂಗಳಲ್ಲಿ, ತಂದೆ ಫ್ರಾನ್ಸಿಸ್ ತೀರಿಕೊಂಡರು. ತಾಯಿ ಮಾರ್ಗರಿಟಾರವರು ಓದುಬರಹ ತಿಳಿಯದ ರೈತ ಮಹಿಳೆ; ವೃದ್ಧೆಯಾದ ಅತ್ತೆ, ಮಲಮಗ ಆಂತೋನಿಯೊ, ಸ್ವಂತ ಮಕ್ಕಳಾದ ಜೋಸೆಫ್ ಮತ್ತು ಜಾನ್, ಇಷ್ಟು ಜನರ ಭಾರ ಅವರ ಹೆಗಲ ಮೇಲೆ ಬಿತ್ತು. ಪ್ರಾರ್ಥನೆಯನ್ನೂ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನೂ ಆ ತಾಯಿಯೇ ಬಾಯಿಪಾಠವಾಗಿ ಮಕ್ಕಳಿಗೆ ಕಲಿಸಿದರು.

ಒಂಬತ್ತನೆಯ ವಯಸ್ಸಿನ ಸುಮಾರಿಗೆ ಜಾನ್ ಒಂದು ಕನಸು ಕಂಡನು. ಬಯಲಿನಲ್ಲಿ ಹುಡುಗರ ಗುಂಪೊಂದು ಬೈದಾಡುತ್ತ ಹೊಡೆದಾಡುತ್ತ ಇರುತ್ತದೆ. ಅವರನ್ನು ಸುಮ್ಮನಾಗಿಸಲು ಈತನೂ ಮುಷ್ಟಿ ಎತ್ತಿ ನುಗ್ಗುತ್ತಾನೆ. ಆಗ ತೇಜಸ್ವಿಯಾದ ಪುರುಷನೊಬ್ಬನು ಪ್ರತ್ಯಕ್ಷನಾಗಿ, ಏಟಿನಿಂದಲ್ಲ, ಮೃದುತ್ವದಿಂದಲೂ ಪ್ರೀತಿಯಿಂದಲೂ ಇವರನ್ನು ಗೆಲ್ಲಬೇಕೆಂದು ತಿಳಿಸಿ, ಕಲಿಸಿಕೊಡಲು ಒಬ್ಬ ಮಹಾತಾಯಿಯನ್ನು ತೋರಿಸುತ್ತಾನೆ. ನೋಡನೋಡುತ್ತ ಕಾಡುಮೃಗಗಳು ಕುರಿಮರಿಗಳಾಗುತ್ತವೆ. ಬೆಳಿಗ್ಗೆ ಇದನ್ನು ಕೇಳಿದ ಮನೆಯವರಲ್ಲಿ ಒಬ್ಬರು ಒಂದೊಂದು ಅರ್ಥ ಹೇಳಿದರು. ಕನಸುಗಳನ್ನು ನಂಬಬಾರದೆಂದು ಅಜ್ಜಿ ತೀರ್ಪುಕೊಟ್ಟರು. ಮುಂದೊಂದು ದಿನ ಇವನು ಗುರುವಾಗಬಹುದೆಂದು ತಾಯಿ ಮಾತ್ರ ಯೋಚಿಸಿದರು.

ಜಾತ್ರೆಗಳಲ್ಲಿ ದೊಂಬರಾಟದವರನ್ನೂ ಕಣ್ಕಟ್ಟಿನವರನ್ನೂ ನೋಡಿ ಹಗ್ಗದ ಮೇಲೆ ನಡೆಯುವುದನ್ನು ಜಾನ್ ತಾನೇ ಕಲಿತನು. ಭಾನುವಾರ ಸಂಜೆ ಹಳ್ಳಿಯ ಮಕ್ಕಳೂ ದೊಡ್ಡವರೂ ಅವನ ಆಟ ನೋಡಲು ಸೇರುವರು. ಅವನು ಕೇಳುತ್ತಿದ್ದ ಟಿಕೆಟ್ಟು ಒಂದೇ: ಮೊದಲು ಜಪಸರ ಹೇಳಿ, ಅಂದು ದೇವಾಲಯದಲ್ಲಿ ತಾನು ಕೇಳಿಬಂದ ಪ್ರಸಂಗವನ್ನು ಅವನ ಬಾಯಿಂದ ಮತ್ತೊಮ್ಮೆ ಕೇಳಬೇಕು. ಹೀಗೆ ಗುರುಮಠದ ಬಾಗಿಲನ್ನು ಕಾಣುವ ಮೊದಲೇ ಅವನ ತರಬೇತಿ ಆರಂಭವಾಗಿತ್ತು.

ಓದಿನ ದಾರಿ ಸುಗಮವಾಗಿರಲಿಲ್ಲ. ಹೊಲದ ಕೆಲಸ ಬಿಟ್ಟು ಪುಸ್ತಕ ಹಿಡಿಯುವ ತಮ್ಮನನ್ನು ಅಣ್ಣ ಆಂತೋನಿಯೊ ಸಹಿಸಲಿಲ್ಲ. ಮನೆಯಲ್ಲಿ ನೆಮ್ಮದಿ ಉಳಿಯಲೆಂದು 1828ರಲ್ಲಿ ತಾಯಿ ಮಗನನ್ನು ಬೇರೆ ಊರಿಗೆ ಕಳುಹಿಸಿದರು. ಹನ್ನೆರಡರ ಹುಡುಗ ಮೊಲ್ಯ ಎಂಬ ರೈತ ಕುಟುಂಬದಲ್ಲಿ ಸುಮಾರು ಎರಡು ವರ್ಷ ಆಳಾಗಿ ದುಡಿದನು. ಅನಂತರ ಕಲೊಸ್ಸೊ ಎಂಬ ವೃದ್ಧ ಗುರುಗಳು ಅವನಿಗೆ ಲತೀನ್ ಭಾಷೆಯನ್ನು ಕಲಿಸತೊಡಗಿದರು. ಅವರೂ 1830ರಲ್ಲಿ ಹಠಾತ್ತನೆ ತೀರಿಕೊಂಡರು. 1831ರಲ್ಲಿ ಕಿಯೇರಿ ಪಟ್ಟಣದ ಶಾಲೆಗೆ ಸೇರಿ, ದರ್ಜಿಯ ಬಳಿ, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಓದಿದನು. ಅಲ್ಲಿ ಗೆಳೆಯರನ್ನು ಕೂಡಿಸಿ ಕಟ್ಟಿದ ಸಂಘಕ್ಕೆ ಹರ್ಷದ ಸಂಘವೆಂದು ಹೆಸರಿಟ್ಟನು.

1835ರಲ್ಲಿ ಕಿಯೇರಿಯ ಗುರುಮಠಕ್ಕೆ ಸೇರಿ, ಆರು ವರ್ಷ ತತ್ತ್ವಶಾಸ್ತ್ರ ದೈವಶಾಸ್ತ್ರಗಳನ್ನು ಓದಿದರು. ಅಲ್ಲಿನ ಗುರುಗಳು ಸಜ್ಜನರು, ವಿದ್ವಾಂಸರು. ಆದರೆ ವಿದ್ಯಾರ್ಥಿಗಳಿಂದ ಬಹಳ ದೂರವಿರುತ್ತಿದ್ದರು. ಯಾರಾದರೂ ಹಿರಿಯರು ಅಂಗಳದಲ್ಲಿ ಬಂದರೆ ಹುಡುಗರು ಚದರಿ ಓಡುತ್ತಿದ್ದರು. ಇದು ಯುವಕ ಬೋಸ್ಕೊರವರ ಮನಸ್ಸನ್ನು ನೋಯಿಸಿತೆಂದು, ಗುರುವಾಗಿ ಬಾಲಕರ ಹತ್ತಿರ ಇರಬೇಕೆಂಬ ಹಂಬಲವನ್ನು ಇದೇ ಹೆಚ್ಚಿಸಿತೆಂದು ಅವರೇ ಮುಂದೆ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಗುರುಮಠದಲ್ಲಿ ಓದಿದ ನಮ್ಮ ಪೀಳಿಗೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಮೂರು ಕಡೆಯಿಂದ ಒಳ್ಳೆಯ ಸಂಬಳದ ಕೆಲಸಗಳು ಬಂದರೂ, ತಮ್ಮ ಊರಿನವರೇ ಆದ ಜೋಸೆಫ್ ಕಫಾಸ್ಸೊ ಎಂಬ ಗುರುಗಳ ಸಲಹೆಯಂತೆ, ಎಲ್ಲವನ್ನೂ ಬಿಟ್ಟು ಟ್ಯೂರಿನ್ನಿನ ಯಾಜಕ ವಿದ್ಯಾಲಯಕ್ಕೆ ಸೇರಿದರು. ಹೊಸದಾಗಿ ದೀಕ್ಷೆ ಪಡೆದವರಿಗೆ ಪಾಪನಿವೇದನೆ ಕೇಳುವುದನ್ನೂ ಬೋಧಿಸುವುದನ್ನೂ ರೂಢಿಯಿಂದ ಕಲಿಸುವ ಸಂಸ್ಥೆ ಅದು. ಮುಂದೆ 1947ರಲ್ಲಿ ಸಂತ ಪದವಿಗೇರಿದ ಕಫಾಸ್ಸೊರವರು ತಮ್ಮ ಶಿಷ್ಯನನ್ನು ಪಾಠದ ಕೊಠಡಿಯಲ್ಲಿ ಮಾತ್ರ ಕೂರಿಸದೆ ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಹುಡುಗರು ಅಲ್ಲಿ ಕೊಳೆಯುತ್ತಿದ್ದರು. ಬಿಡುಗಡೆಯಾಗಿ ಹೋದವರೇ ಮತ್ತೆ ಮರಳಿ ಬರುವುದನ್ನು ಕಂಡ ಡಾನ್ ಬೋಸ್ಕೊರವರು, ಹೊರಗೆ ಇವರನ್ನು ಕಾಯುವ ಒಬ್ಬ ಸ್ನೇಹಿತನಿದ್ದರೆ ಇವರು ಮರಳುವರೇ ಎಂದು ಯೋಚಿಸಿದರು. ಹಳ್ಳಿಗಳಿಂದ ಗಾರೆ ಕೆಲಸಕ್ಕೂ ಕಲ್ಲು ಹೊರಲಿಕ್ಕೂ ಟ್ಯೂರಿನ್ನಿಗೆ ಬಂದು, ವಿಚಾರಿಸುವ ಧರ್ಮಕೇಂದ್ರವೇ ಇಲ್ಲದೆ ಅಲೆಯುತ್ತಿದ್ದ ಹುಡುಗರವರು. ಉತ್ತರ ಕರ್ನಾಟಕದಿಂದ ಮೈಸೂರು ರಸ್ತೆಯ, ಕೆಂಗೇರಿಯ ಕಟ್ಟಡಗಳಿಗೆ ದುಡಿಯಲು ಬರುವ ಹುಡುಗರನ್ನು ನೋಡಿದವರಿಗೆ ಆ ಟ್ಯೂರಿನ್ ಅಪರಿಚಿತವೆನಿಸದು.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸಿಸಿಯವರ ದೇವಾಲಯದ ಪೂಜಾವಸ್ತ್ರದ ಕೋಣೆಯಲ್ಲಿ ಡಾನ್ ಬೋಸ್ಕೊ ಪೂಜೆಗೆ ಸಿದ್ಧರಾಗುತ್ತಿದ್ದರು. ಮೂಲೆಯಲ್ಲಿ ನಿಂತಿದ್ದ ಹುಡುಗನೊಬ್ಬನಿಗೆ ಪೂಜೆಗೆ ಸಹಾಯಕನಾಗಲು ಬರುವುದಿಲ್ಲವೆಂದು ತಿಳಿದ ದೇವಾಲಯದ ಸೇವಕನು ಕೋಲಿನಿಂದ ಬಾರಿಸಿ ಅವನನ್ನು ಓಡಿಸಿದನು. ಗುರುಗಳು ತಡೆದು, ಆತ ತಮ್ಮ ಸ್ನೇಹಿತನೆಂದು ಹೇಳಿ ಹಿಂದಕ್ಕೆ ಕರೆಸಿದರು. ಬಾರ್ತೊಲೊಮಿಯೊ ಗರೆಲ್ಲಿ ಎಂಬ ಆ ಹುಡುಗ ತಂದೆತಾಯಿಯಿಲ್ಲದವನು, ಗಾರೆ ಕೆಲಸದವನು, ಹದಿನಾರು ವರ್ಷದವನಾದರೂ ಶಿಲುಬೆಯ ಗುರುತನ್ನೂ ಅರಿಯದವನು. ಪೂಜೆಯ ಬಳಿಕ ಒಂದು ನಮೋ ಮರಿಯಾ ಪ್ರಾರ್ಥನೆಯೊಂದಿಗೆ ಅವನ ಪಾಠ ಆರಂಭವಾಯಿತು. ಮುಂದಿನ ಭಾನುವಾರ ಅವನು ಗೆಳೆಯರನ್ನು ಕರೆತಂದನು.

ಈ ಪ್ರಸಂಗವನ್ನು ಬರೆಯುವಾಗ ನನ್ನ ಲೇಖನಿ ತುಸು ತಡೆಯುತ್ತದೆ. ದೀಕ್ಷೆ ಪಡೆದ ಹೊಸದರಲ್ಲಿ ಒಂದು ಊರಿನಲ್ಲಿ ಸಹಾಯಕ ಗುರುವಾಗಿದ್ದಾಗ, ದೇವಾಲಯದ ಅಂಗಳದಲ್ಲಿ ಚಿನ್ನಿದಾಂಡು ಆಡುತ್ತಿದ್ದ ಹುಡುಗರನ್ನು ನಾನೂ ಬೆತ್ತ ಹಿಡಿದು ಓಡಿಸಿದವನೇ. ಅವರನ್ನು ಹಿಂದಕ್ಕೆ ಕರೆಯುವವರು ಅಲ್ಲಿ ಯಾರೂ ಇರಲಿಲ್ಲ.

ಹುಡುಗರ ಸಂಖ್ಯೆ ಬೆಳೆದಂತೆ ನೆರೆಹೊರೆಯವರ ಗೊಣಗಾಟವೂ ಬೆಳೆಯಿತು. ಪ್ರಾರ್ಥನೆ, ಪಾಠ, ಆಟ ಮೂರೂ ಕೂಡಿದ ಈ ಕೂಟಕ್ಕೆ ಒರೆಟರಿ ಎಂದು ಹೆಸರು. ಅದು ಒಂದು ಗಿರಣಿಯಿಂದ ಒಂದು ಮೈದಾನಕ್ಕೆ, ಮೈದಾನದಿಂದ ಬಾಡಿಗೆ ಕೋಣೆಗೆ ಅಲೆಯಿತು. ಗುರುಗಳಿಗೆ ಬುದ್ಧಿಭ್ರಮಣೆಯಾಗಿದೆಯೆಂದು ತಿಳಿದ ಇಬ್ಬರು ಯಾಜಕರು ಅವರನ್ನು ಆಸ್ಪತ್ರೆಗೆ ಸೇರಿಸಲು ಕುದುರೆಗಾಡಿ ತಂದರಂತೆ. ಇವರು ವಿನಯದಿಂದ ಹಿರಿಯರನ್ನೇ ಮೊದಲು ಹತ್ತಿಸಿ, ಬಾಗಿಲು ಹಾಕಿ, ಗಾಡಿಯವನಿಗೆ ಹೊರಡಲು ಹೇಳಿದರಂತೆ. ಕೊನೆಗೆ 1846ರ ಏಪ್ರಿಲ್ 12, ಪುನರುತ್ಥಾನದ ಭಾನುವಾರದಂದು, ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬುವರ ತಗ್ಗು ಮಾಡಿನ ಕೊಟ್ಟಿಗೆ ಅವರ ಗುಡಿಯಾಯಿತು. ಅದೇ ಜುಲೈನಲ್ಲಿ ಅತಿ ದುಡಿಮೆಯಿಂದ ಕುಸಿದು ಸಾವಿನ ಅಂಚಿಗೆ ಹೋದರು. ಗಾರೆ ಕೆಲಸದ ಹುಡುಗರು ಉಪವಾಸವಿದ್ದು ಅವರಿಗಾಗಿ ಪ್ರಾರ್ಥಿಸಿದರು. ನವೆಂಬರ್ 3ರಂದು ಅವರು ಚೇತರಿಸಿಕೊಂಡು ಹಿಂದಿರುಗಿದಾಗ ಜೊತೆಗೆ ತಾಯಿ ಮಾರ್ಗರಿಟಾರವರೂ ಇದ್ದರು. ಅಲ್ಲಿಂದ ಹತ್ತು ವರ್ಷ, 1856ರಲ್ಲಿ ಕಣ್ಣುಮುಚ್ಚುವವರೆಗೆ, ಆ ಹುಡುಗರೆಲ್ಲರಿಗೂ ಅವರು ಅಮ್ಮನಾದರು.

ಸಹಾಯಕರ ಕೊರತೆಯೆಂಬ ನಿಜವಾದ ಕಷ್ಟ ಇಲ್ಲಿಂದ ಮೊದಲಾಯಿತು. ಬರುತ್ತಿದ್ದ ಕೆಲವು ಗುರುಗಳೂ ಗೃಹಸ್ಥರೂ ಒಳ್ಳೆಯವರೇ. ಆದರೆ ಇಂದು ಬಂದವರು ನಾಳೆ ಇಲ್ಲ. 1848ರಲ್ಲಿ ಇಟಲಿಯಲ್ಲಿ ರಾಜಕೀಯದ ಬಿರುಗಾಳಿ ಎದ್ದಾಗ, ಸಹಾಯಕರಲ್ಲಿ ಹಲವರು ಆ ಕಡೆ ವಾಲಿ, ದೊಡ್ಡ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೊರಟುಹೋದರು. ಅದೇ ಕಾಲದಲ್ಲಿ ಟ್ಯೂರಿನ್ನಿನ ಗುರುಮಠವೂ ಮುಚ್ಚಿ, ಅದರ ಕಟ್ಟಡ ಸೈನ್ಯದ ಪಾಲಾಯಿತು. ಮಕ್ಕಳು ನೂರಾರು, ನಿಂತವರು ಬಹುತೇಕ ಒಬ್ಬರೇ.

ಹೊರಗಿನಿಂದ ಬರುವವರನ್ನು ಕಾಯುತ್ತ ಕೂರದೆ, ಬಾಲಕರ ಸೇವಕರನ್ನು ಬಾಲಕರಿಂದಲೇ ಬೆಳೆಸಬೇಕೆಂದು ಡಾನ್ ಬೋಸ್ಕೊ ನಿಶ್ಚಯಿಸಿದರು. ರಾತ್ರಿಶಾಲೆಯನ್ನು ಆರಂಭಿಸಿದಾಗಲೇ ಅವರು ಇದರ ಒಂದು ರೂಪವನ್ನು ಪ್ರಯೋಗಿಸಿದ್ದರು. ಚುರುಕಾದ ಎಂಟು ಹತ್ತು ಹುಡುಗರಿಗೆ ಇಟಾಲಿಯನ್, ಲತೀನ್, ಫ್ರೆಂಚ್, ಗಣಿತಗಳನ್ನು ಬಿಟ್ಟಿಯಾಗಿ ಕಲಿಸುವುದು. ಅದಕ್ಕೆ ಪ್ರತಿಯಾಗಿ ಅವರು ಭಾನುವಾರ ಜ್ಞಾನೋಪದೇಶವನ್ನೂ ರಾತ್ರಿ ಅಕ್ಷರವನ್ನೂ ಕಿರಿಯರಿಗೆ ಕಲಿಸುವುದು. ತಾನು ನಿನ್ನೆ ಕಲಿತದ್ದನ್ನು ಇಂದು ಮತ್ತೊಬ್ಬನಿಗೆ ಹೇಳಿಕೊಡಬೇಕಾದವನು ಪಾಠವನ್ನು ಮರೆಯುವಂತಿಲ್ಲ. ಸರಿಯಾದ ಪುಸ್ತಕಗಳಿಲ್ಲದ್ದರಿಂದ ಸತ್ಯವೇದದ ಚರಿತ್ರೆಯನ್ನೂ, ಬಾಲಕರ ಪ್ರಾರ್ಥನಾ ಪುಸ್ತಕವನ್ನೂ, ಆಗ ತಾನೆ ಜಾರಿಗೆ ಬರುತ್ತಿದ್ದ ಮೆಟ್ರಿಕ್ ಅಳತೆಗಳ ಕೈಪಿಡಿಯನ್ನೂ ಅವರೇ ಸರಳ ಭಾಷೆಯಲ್ಲಿ ಬರೆದು ಅಚ್ಚುಮಾಡಿಸಿದರು.

1849ರಲ್ಲಿ ಬುಜೆಟ್ಟಿ, ಗಸ್ತೀನಿ, ಬೆಲ್ಲಿಯಾ, ರೆವಿಲ್ಯೊ ಎಂಬ ನಾಲ್ವರನ್ನು ಆರಿಸಿ, ಯಾಜಕರಾಗುವ ದಾರಿಗೆ ಹಚ್ಚಿ ಲತೀನ್ ಕಲಿಸತೊಡಗಿದರು. ಅವರಲ್ಲಿ ಒಬ್ಬನೂ ಡಾನ್ ಬೋಸ್ಕೊರವರ ಸಭೆಯ ಗುರುವಾಗಲಿಲ್ಲ. ರೆವಿಲ್ಯೊ ಮತ್ತು ಬೆಲ್ಲಿಯಾ ಧರ್ಮಪ್ರಾಂತದ ಗುರುಗಳಾದರು. ಗಸ್ತೀನಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬಿನಲ್ಲೇ ಉಳಿದು, 1870ರಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಕೂಡಿಸಿ ಗುರುಗಳಿಗೆ ಕಾಫಿ ಬಟ್ಟಲುಗಳನ್ನು ಕಾಣಿಕೆಯಿತ್ತನು. ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿದ್ದು ಅಲ್ಲಿಂದಲೇ. ಬುಜೆಟ್ಟಿ ಯಾಜಕನಾಗದೆ, ಮನೆಯ ಲೆಕ್ಕ, ಅಡುಗೆಯ ಸಾಮಾನು, ವಾದ್ಯಮೇಳ ಹೀಗೆ ಹತ್ತು ಕೆಲಸಗಳನ್ನು ನೋಡಿಕೊಂಡು ಕೊನೆಯವರೆಗೂ ಅಲ್ಲಿಯೇ ಇದ್ದನು. ಲೆಕ್ಕದ ಪುಸ್ತಕದಲ್ಲಿ ಈ ಮೊದಲ ಪ್ರಯತ್ನವನ್ನು ನಷ್ಟವೆಂದೇ ಬರೆಯಬೇಕಾದೀತು. ಡಾನ್ ಬೋಸ್ಕೊ ಹಾಗೆ ಬರೆಯಲಿಲ್ಲ.

ಎರಡನೆಯ ತಂಡದಲ್ಲಿ ಮಿಕೇಲ್ ರುವಾ ಇದ್ದನು. ಎಳೆಯ ಹುಡುಗನಾಗಿದ್ದಾಗ ಗುರುಗಳು ಪದಕಗಳನ್ನು ಹಂಚುತ್ತಿರಲು ಅವನೂ ಕೈಯೊಡ್ಡಿದನು. ಗುರುಗಳು ಪದಕ ಕೊಡದೆ, ತಮ್ಮ ಎಡಗೈಯನ್ನು ಬಲಗೈಯಿಂದ ಕತ್ತರಿಸಿ ಅರ್ಧ ಕೊಡುವಂತೆ ನಟಿಸಿದರು. ಆ ಹುಡುಗನಿಗೆ ಅರ್ಥವಾಗಲಿಲ್ಲ. 1854ರ ಜನವರಿ 26ರ ಸಂಜೆ ರುವಾ, ಕಾಲಿಯೇರೊ, ರೊಕ್ಕಿಯೆತ್ತಿ, ಅರ್ತಿಲ್ಯ ಎಂಬ ನಾಲ್ವರು ಗುರುಗಳ ಕೋಣೆಯಲ್ಲಿ ಸೇರಿದರು. ಮಾತುಕೊಡುವ ಮೊದಲು ನೆರೆಯವರ ಪ್ರೀತಿಯ ಕಾರ್ಯವನ್ನು ಪ್ರಾಯೋಗಿಕವಾಗಿ ಮಾಡಿ ನೋಡಬೇಕೆಂದು ಅಲ್ಲಿ ಒಪ್ಪಿದರು. ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ದೆ ಸೇಲ್ಸ್‌ರವರ ಹೆಸರಿನಿಂದ ಸಲೇಸಿಯನ್ನರೆಂಬ ಹೆಸರು ಅಂದಿನಿಂದ ಬಂತು. ರುವಾ ಮತ್ತು ಕಾಲಿಯೇರೊ ಇಬ್ಬರಿಗೂ ಆಗ ಹದಿನಾರು ವರ್ಷ.

ಪರೀಕ್ಷೆ ಬಂದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಟ್ಯೂರಿನ್ನಿಗೆ ಕಾಲರಾ ರೋಗ ಹೊಕ್ಕು, ವಾಲ್ದೊಕ್ಕೊ ಸುತ್ತಲಿನ ಬಡವರ ಕೇರಿಗಳಲ್ಲಿ ರೋಗಿಗಳನ್ನು ಎತ್ತುವವರೂ ಇಲ್ಲದಂತಾಯಿತು. ಗುರುಗಳು ಕೇಳಿದೊಡನೆ ಹದಿನಾಲ್ಕು ಹುಡುಗರು ಮುಂದೆ ಬಂದರು, ಬೆನ್ನಿಗೇ ಇನ್ನೂ ಮೂವತ್ತು. ತಾಯಿ ಮಾರ್ಗರಿಟಾರವರು ರೋಗಿಗಳಿಗಾಗಿ ಮನೆಯ ಬಟ್ಟೆಬರೆಯನ್ನೆಲ್ಲ ಬರಿದುಮಾಡಿದರು. ಆ ಹುಡುಗರಲ್ಲಿ ಒಬ್ಬನಿಗೂ ಕಾಲರಾ ತಗಲಲಿಲ್ಲ.

ಅದೇ ಅಕ್ಟೋಬರಿನಲ್ಲಿ ಬಂದ ದೊಮಿನಿಕ್ ಸಾವಿಯೊವಿನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ನನಗೆ ಇಲ್ಲಿ ಮುಖ್ಯವೆನಿಸುವುದು ಒಂದೇ: 1856ರ ಜೂನ್ 8ರಂದು ಆ ಬಾಲಕನು ಗೆಳೆಯರೊಡನೆ ಅಮಲೋದ್ಭವ ಮಾತೆಯ ಸಂಘವನ್ನು ಕಟ್ಟಿದನು. ಹೊಸದಾಗಿ ಬಂದ, ಹೊಂದಿಕೊಳ್ಳದ, ತುಂಟರಾದ ಹುಡುಗರನ್ನು ಸಂಘದ ಸದಸ್ಯರು ಒಬ್ಬೊಬ್ಬರಾಗಿ ಹಂಚಿಕೊಂಡು ಸ್ನೇಹ ಬೆಳೆಸುತ್ತಿದ್ದರು. ಹಿರಿಯರು ನೇಮಿಸಿದ ಮೇಲ್ವಿಚಾರಕರಲ್ಲ ಇವರು, ಗೆಳೆಯರು. ಮರುವರ್ಷ ಮಾರ್ಚ್ 9ರಂದು ಸಾವಿಯೊ ತೀರಿಕೊಂಡನು. 1859ರ ಡಿಸೆಂಬರ್ 18ರ ರಾತ್ರಿ ಡಾನ್ ಬೋಸ್ಕೊರವರೂ ಸೇರಿ ಹದಿನೆಂಟು ಮಂದಿ ಕೂಡಿ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದಾಗ, ಅವರಲ್ಲಿ ಹಲವರು ಸಾವಿಯೊವಿನ ಆ ಸಂಘದಲ್ಲಿ ಪಳಗಿದವರಾಗಿದ್ದರು. ಒಬ್ಬ ಹಿರಿಯ ಗುರುಗಳನ್ನು ಬಿಟ್ಟರೆ ಉಳಿದವರೆಲ್ಲ ಎಳೆಯ ಯುವಕರು. ಸನ್ಯಾಸಿಗಳ ಸಭೆಗೆ ಸೇರುವುದೋ ಬೇಡವೋ ಎಂದು ಕಾಲಿಯೇರೊ ಬಹಳ ಹೊತ್ತು ಅಂಗಳದಲ್ಲಿ ಅತ್ತಿತ್ತ ನಡೆದಾಡಿದನಂತೆ. 1875ರಲ್ಲಿ ಅರ್ಜೆಂಟೀನಾಕ್ಕೆ ಹೊರಟ ಮೊದಲ ಧರ್ಮಪ್ರಚಾರಕರ ಮುಂದಾಳು ಅವನೇ. ಮುಂದೆ ಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು.

1863ರಲ್ಲಿ, ಇಪ್ಪತ್ತಾರು ವರ್ಷದ ರುವಾರವರನ್ನು ಮಿರಾಬೆಲ್ಲೊ ಎಂಬಲ್ಲಿ ಹೊಸ ಶಾಲೆಗೆ ನಿರ್ದೇಶಕರನ್ನಾಗಿ ಕಳುಹಿಸುವಾಗ, ಡಾನ್ ಬೋಸ್ಕೊ ಕೆಲವು ಹಾಳೆಗಳ ಬುದ್ಧಿವಾದವನ್ನು ಬರೆದುಕೊಟ್ಟರು. ರಾತ್ರಿ ಕನಿಷ್ಠ ಆರು ಗಂಟೆ ಮಲಗಬೇಕು, ಬಿಡುವಿನ ವೇಳೆಯನ್ನು ಆದಷ್ಟೂ ಹುಡುಗರ ನಡುವೆಯೇ ಕಳೆಯಬೇಕು, ಹೆದರಿಸುವುದಕ್ಕಿಂತ ಪ್ರೀತಿ ಗಳಿಸಲು ಯತ್ನಿಸಬೇಕು ಎಂಬಂಥವು. ಮುಂದೆ ಪ್ರತಿಯೊಬ್ಬ ಹೊಸ ನಿರ್ದೇಶಕರಿಗೂ ಇದರ ಪ್ರತಿ ಹೋಗತೊಡಗಿತು. ನಿದ್ರೆಯ ವಿಷಯವನ್ನು ಅವರು ಬರೆದದ್ದು ಸುಮ್ಮನೆ ಅಲ್ಲ. ಹಗಲೆಲ್ಲ ಪಾಠ, ಅಂಗಳ, ಮಲಗುವ ಕೋಣೆಗಳ ಮೇಲ್ವಿಚಾರಣೆ. ಉಳಿದ ರಾತ್ರಿಯಲ್ಲಿ ತಮ್ಮ ದೈವಶಾಸ್ತ್ರದ ಓದು: ಈ ಯುವಕರ ದಿನಚರಿ ಇದು. ಲಾನ್ಜೊ ಶಾಲೆಯ ನಿರ್ದೇಶಕರಾಗಿದ್ದ ದೊಮಿನಿಕ್ ರುಫ್ಫಿನೊ 1865ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ತೀರಿಕೊಂಡರು. 1868ರಲ್ಲಿ ರುವಾರವರೂ ದುಡಿದು ಕುಸಿದು ಸಾವಿನ ಬಾಗಿಲಿಗೆ ಹೋಗಿ ಬಂದರು.

ಆದುದರಿಂದ, 1871ರಲ್ಲಿ ಟ್ಯೂರಿನ್ನಿನ ಮಹಾಧರ್ಮಾಧ್ಯಕ್ಷರಾಗಿ ಬಂದ ಲೊರೆನ್ಸೊ ಗಸ್ತಾಲ್ದಿಯವರ ಆಕ್ಷೇಪವನ್ನು ಹಗೆತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ಡಾನ್ ಬೋಸ್ಕೊರವರ ಹಳೆಯ ಮಿತ್ರರು. ಅವರ ತಾಯಿಯೂ ಒರೆಟರಿಯ ಹುಡುಗರಿಗಾಗಿ ದುಡಿದವರು. ಯಾಜಕನಾಗುವವನಿಗೆ ಮೌನ ಬೇಕು, ಏಕಾಂತ ಬೇಕು, ಕ್ರಮವಾದ ಓದು ಬೇಕು. ಹುಡುಗರ ಗದ್ದಲದ ನಡುವೆ ನವಶಿಷ್ಯರನ್ನು ಬಿಟ್ಟು ಅದನ್ನೇ ತರಬೇತಿಯೆಂದು ಕರೆಯಲಾಗದು ಎಂಬುದು ಅವರ ವಾದ. ಬಾಲಕರ ಸೇವೆಗೆಂದೇ ಹುಟ್ಟಿದ ಸಭೆಯ ಯುವಕನು ಬಾಲಕರಿಂದ ದೂರವಿದ್ದು ಅದನ್ನು ಕಲಿಯುವನೆಂತು, ತನಗೆ ಇದು ಸಾಧ್ಯವೋ ಇಲ್ಲವೋ ಎಂದು ಅರಿಯುವನೆಂತು ಎಂಬುದು ಡಾನ್ ಬೋಸ್ಕೊರವರ ಉತ್ತರ. ರೋಮಿನಲ್ಲಿಯೂ ಹಲವರಿಗೆ ಮಹಾಧರ್ಮಾಧ್ಯಕ್ಷರ ಮಾತೇ ಸರಿಯೆನಿಸಿತ್ತು. 1874ರ ಏಪ್ರಿಲ್ 3ರಂದು ಸಭೆಯ ನಿಯಮಾವಳಿಗೆ ಅಂಗೀಕಾರ ದೊರೆತಾಗ, ಕ್ರಮಬದ್ಧ ನವಶಿಷ್ಯಾವಧಿಯ ನಿಯಮ ಅದರಲ್ಲಿ ಸೇರಿತ್ತು. 1879ರಲ್ಲಿ ಸಾನ್ ಬೆನಿನ್ಯೊ ಎಂಬಲ್ಲಿ ನವಶಿಷ್ಯರಿಗೆ ಪ್ರತ್ಯೇಕ ಮನೆಯೂ ಆಯಿತು. ಆದರೂ ದೀಕ್ಷೆಗಳ ವಿಷಯದಲ್ಲಿ, ಅಧಿಕಾರದ ವಿಷಯದಲ್ಲಿ ಪತ್ರಗಳು, ದೂರುಗಳು ನಿಲ್ಲಲಿಲ್ಲ. 1882ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳ ಇಚ್ಛೆಯಂತೆ ರಾಜಿಯಾಯಿತು. ಕ್ಷಮೆಯ ಪತ್ರ ಬರೆಯಬೇಕಾದವರು ಡಾನ್ ಬೋಸ್ಕೊ. ಅವರು ಬರೆದರು. ಮರುವರ್ಷ ಗಸ್ತಾಲ್ದಿಯವರು ತೀರಿಕೊಂಡರು.

ಗುರುಮಠದಲ್ಲಿ ಓದಿದ ನಾನು ಈ ವಿವಾದದಲ್ಲಿ ಯಾರ ಪಕ್ಷ? ಮೌನವೂ ಪುಸ್ತಕವೂ ನನಗೆ ಕೊಟ್ಟದ್ದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಬೆತ್ತವನ್ನು ಹಿಡಿದ ಕೈಯೂ ಅದೇ ಮೌನದಲ್ಲಿ ತರಬೇತಿ ಪಡೆದದ್ದು.

ಈ ನಡುವೆ, 1872ರಲ್ಲಿ ಮರಿಯ ಮಜ್ಜರೆಲ್ಲೊರವರೊಡನೆ ಬಾಲಕಿಯರ ಸೇವೆಗಾಗಿ ಕನ್ಯಾಸ್ತ್ರೀಯರ ಸಭೆಯನ್ನೂ, 1876ರಲ್ಲಿ ಗೃಹಸ್ಥ ಸಹಕಾರಿಗಳ ಸಂಘವನ್ನೂ ಅವರು ಸ್ಥಾಪಿಸಿದರು. 1877ರಲ್ಲಿ ತಮ್ಮ ಶಿಕ್ಷಣ ಪದ್ಧತಿಯನ್ನು ಚಿಕ್ಕ ಪ್ರಬಂಧವೊಂದರಲ್ಲಿ ಬರೆದರು: ತಪ್ಪಾದ ಮೇಲೆ ದಂಡಿಸುವುದಕ್ಕಿಂತ, ತಪ್ಪಾಗದಂತೆ ಜೊತೆಯಲ್ಲಿರುವುದು, ವಿವೇಕ, ಧರ್ಮ, ವಾತ್ಸಲ್ಯ ಇವು ಮೂರೇ ಆಧಾರ.

ಆದರೆ ತಾವೇ ಕಟ್ಟಿದ ಮನೆಯಲ್ಲಿಯೂ ಈ ಪಾಠ ಮಾಸುವುದನ್ನು ಅವರು ಕಾಣಬೇಕಾಯಿತು. 1884ರ ಮೇ 10ರಂದು ರೋಮಿನಿಂದ ವಾಲ್ದೊಕ್ಕೊಗೆ ಒಂದು ದೀರ್ಘ ಪತ್ರ ಹೋಯಿತು. ಕನಸೊಂದರ ರೂಪದಲ್ಲಿ ಎರಡು ಅಂಗಳಗಳ ಚಿತ್ರ ಅದರಲ್ಲಿದೆ. ಹಳೆಯ ಅಂಗಳದಲ್ಲಿ ಗುರುಗಳು ಹುಡುಗರ ನಡುವೆ ಓಡುತ್ತಿದ್ದಾರೆ, ಹಾಡುತ್ತಿದ್ದಾರೆ. ಹೊಸ ಅಂಗಳದಲ್ಲಿ ಹುಡುಗರು ಮಂಕಾಗಿ ಗೋಡೆಗೊರಗಿದ್ದಾರೆ. ಗುರುಗಳು ತಮ್ಮ ತಮ್ಮಲ್ಲೇ ಮಾತಾಡುತ್ತ ದೂರದಲ್ಲಿ ನಡೆದಾಡುತ್ತಿದ್ದಾರೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ಪ್ರೀತಿಸಲ್ಪಡುತ್ತಿದ್ದೇವೆಂದು ಅವರಿಗೆ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. ಕಿಯೇರಿಯ ಗುರುಮಠದಲ್ಲಿ ಹುಡುಗರು ಚದರಿ ಓಡುತ್ತಿದ್ದ ಅದೇ ಅಂಗಳ, ಐವತ್ತು ವರ್ಷಗಳಾದ ಮೇಲೆ, ಅವರ ಸ್ವಂತ ಮನೆಗೆ ಬಂದಿತ್ತು. ಕಣ್ಣು ಮಂಜಾಗಿ, ಕಾಲು ಊದಿ ನಡೆಯಲಾರದೆ ಇದ್ದ ಮುದುಕರು ಅದನ್ನು ಮುಚ್ಚಿಡದೆ ಎಲ್ಲರ ಮುಂದಿಟ್ಟರು.

1888ರ ಜನವರಿ 31ರ ಬೆಳಗಿನ ಜಾವ ಡಾನ್ ಬೋಸ್ಕೊ ದೇವರ ಪಾದ ಸೇರಿದರು. 1929ರಲ್ಲಿ ಧನ್ಯರೆಂದೂ, 1934ರ ಏಪ್ರಿಲ್ 1, ಪುನರುತ್ಥಾನದ ಭಾನುವಾರದಂದು ಸಂತರೆಂದೂ ಘೋಷಿತರಾದರು. ಅವರ ಬಳಿಕ ಇಪ್ಪತ್ತೆರಡು ವರ್ಷ ಸಭೆಯನ್ನು ನಡೆಸಿದವರು, ಎಳವೆಯಲ್ಲಿ ಅರ್ಧ ಕೈಯನ್ನು ಪಡೆದಿದ್ದ ರುವಾರವರೇ. ಅವರ ಕಾಲದಲ್ಲಿ, 1906ರ ಜನವರಿಯಲ್ಲಿ, ಸಲೇಸಿಯನ್ನರ ಮೊದಲ ತಂಡ ಜಾರ್ಜ್ ತೊಮಾತಿಸ್ ಗುರುಗಳ ನಾಯಕತ್ವದಲ್ಲಿ ತಂಜಾವೂರಿಗೆ ಬಂದಿತು. 1979ರಲ್ಲಿ ಬೆಂಗಳೂರೇ ಅವರ ಒಂದು ಪ್ರಾಂತದ ಕೇಂದ್ರವಾಯಿತು. ನಮ್ಮ ನಗರದ ಪೂರ್ವಕ್ಕೆ ಕೃಷ್ಣರಾಜಪುರದ ಬಳಿ ಅವರ ದೈವಶಾಸ್ತ್ರದ ವಿದ್ಯಾಲಯ ಕ್ರಿಸ್ತುಜ್ಯೋತಿ ಇದೆ. 1980ರಲ್ಲಿ ಅಲ್ಲಿ ಓದುತ್ತಿದ್ದ ಯುವಕರು ಪುಸ್ತಕ ಮುಚ್ಚಿ ಬೀದಿಗಿಳಿದು, ಚಿಂದಿ ಆಯುವ, ಅಲ್ಲೇ ಮಲಗುವ ಹುಡುಗರನ್ನು ಹುಡುಕಿಕೊಂಡು ಹೋಗತೊಡಗಿದರು. ಅದರಿಂದ ಹುಟ್ಟಿದ ಸಂಸ್ಥೆಯ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದರೆ ಬೋಸ್ಕೊ ಎಂದಾಗುತ್ತದೆ. ರೈಲು ನಿಲ್ದಾಣದಲ್ಲಿ ಇಳಿದು ಎತ್ತ ಹೋಗಬೇಕೆಂದು ತಿಳಿಯದೆ ನಿಂತ ಬಾಲಕನನ್ನು ಮೊದಲು ಮಾತಾಡಿಸುವ ಕೆಲಸವನ್ನು ಆ ಕೂಟದವರು ಅಲ್ಲಿಂದೀಚೆಗೆ ಮಾಡಿಕೊಂಡು ಬಂದಿದ್ದಾರೆ.